ಆದೆಮ್ಮನ ತಿರುವು

ಅಕ್ಟೋಬರ್ 15, 1979, ಸೋಮವಾರ. ದೇವದುರ್ಗ

ಮೊದಲ ದಿನವೇ ಬಿದ್ದೆ. ಮೊಣಕೈ ತರಚಿದೆ, ಅಬ್ಬಾನ ಸೈಕಲ್ಲಿನ ಹ್ಯಾಂಡಲ್ ಸೊಟ್ಟಗಾಗಿದೆ.

ವಯಸ್ಕರ ಶಿಕ್ಷಣದ ಮೇಲ್ವಿಚಾರಕ ಎಂಬ ಈ ಕೆಲಸ ನನಗೆ ಸಿಕ್ಕಿದ್ದು ಕನ್ನಡ ಬಿ.ಎ. ಆದದ್ದಕ್ಕಲ್ಲ, ಸೈಕಲ್ ಇದ್ದದ್ದಕ್ಕೆ. ಸಂದರ್ಶನದಲ್ಲಿ ಕೇಳಿದ್ದು ಅದೊಂದೇ ಪ್ರಶ್ನೆ. ಆರು ವರ್ಷದಿಂದ ರಾಯಚೂರಿನ ಮನೆಯ ತೊಲೆಗೆ ನೇತುಬಿದ್ದಿದ್ದ ಸೈಕಲ್ಲನ್ನು ನಾನು ಕೆಳಗಿಳಿಸುವಾಗ ಅಬ್ಬಾ ಎದ್ದು ಹೊರಗೆ ಹೋಗಿಬಿಟ್ಟರು.

ನನ್ನ ಕೇಂದ್ರವಿರುವ ಎಮ್ಮಿಗುಡ್ಡ ಇಲ್ಲಿಂದ ಒಂಬತ್ತು ಮೈಲಿ. ಬರಗಾಲದ ಕಾಮಗಾರಿಯಲ್ಲಿ ಗರಸು, ಅಂದರೆ ಹರಳುಮಣ್ಣು, ಹಾಕಿ ಮಾಡಿದ ರಸ್ತೆ. ನಡುವಿನ ಹಳ್ಳಕ್ಕೆ ಸೇತುವೆ ಕಟ್ಟಲು ಎರಡು ಕಂಬ ಎಬ್ಬಿಸಿ ಹಾಗೇ ಬಿಟ್ಟಿದ್ದಾರೆ. ಹಾಸುಗಲ್ಲಿನ ಮೇಲೆ ಸೈಕಲ್ ದಾಟುತ್ತದೆ, ಬಂಡಿ ದಾಟುವುದಿಲ್ಲ. ಹೀಗಾಗಿ ಇಡೀ ದಾರಿಯಲ್ಲಿ ಮೋಟಾರಿನ ಸದ್ದೇ ಇಲ್ಲ. ಗಾಲಿಯ ಕೆಳಗೆ ಗರಸು ಸಿಡಿಯುವುದು, ಬೆಳವ ಹಕ್ಕಿ ಕೂಗುವುದು, ಅಷ್ಟೇ. ಗುಡ್ಡಕ್ಕೆ ಹುರಿದ ಕಡಲೆಯ ಬಣ್ಣ. ಗಾಳಿ ಕಿವಿಯ ಹತ್ತಿರ ಬಂದು ಗುಟ್ಟು ಹೇಳುವ ಗೆಳತಿಯ ಹಾಗೆ. ಈ ಉಪಮೆಯನ್ನು ಪದ್ಯಕ್ಕೆ ಇಟ್ಟುಕೊಳ್ಳಬೇಕು.

ಏರು ಮುಗಿಯುವಲ್ಲಿ ರಸ್ತೆ ಎಡಕ್ಕೆ ಹೊರಳುತ್ತದೆ. ಅಂಚಿಗೆ ಗರಸು ಅಗೆದ ಒಂದು ಕುಣಿ, ಅದರ ಬಾಯಿಗೆ ಒಂದು ನಿಲುಗಲ್ಲು. ಮುಂದೆ ಇದ್ದ ಇಬ್ಬರು ಸೈಕಲ್ ಇಳಿದು ತಲೆ ಬಗ್ಗಿಸಿ ನಡೆಯುತ್ತಿದ್ದರು. ದಣಿದಿರಬೇಕು ಅಂದುಕೊಂಡು ನಾನು ಅವರನ್ನು ದಾಟಿ ಜೋರಾಗಿ ತುಳಿದೆ. ಗಾಲಿ ಜಾರಿತು. ಕಲ್ಲಿನ ಹಿಂಬದಿಗೆ, ಕುಣಿಯ ಅಂಚಿಗೆ ಹೋಗಿ ಬಿದ್ದೆ. ರಸ್ತೆಯ ಕಡೆ ಬೋಳಾಗಿದ್ದ ಕಲ್ಲಿಗೆ ಕುಣಿಯ ಕಡೆ ಅಕ್ಷರಗಳಿದ್ದವು. ನೆಡುವವರು ತಿರುವುಮುರುವಾಗಿ ನೆಟ್ಟಿರಬೇಕು. ಎಣ್ಣೆ, ಭಂಡಾರ ಮೆತ್ತಿ ಕಪ್ಪಾಗಿದ್ದವು. ಮೂಗಿನ ಮುಂದೆಯೇ ಇದ್ದುದರಿಂದ ಓದಲಾಯಿತು.

ಬಸ್ಸಮ್ಮ
ಗಂಡ ಮಾರೆಪ್ಪ
೧೯೭೩

ಆ ಬರಹವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಯಾವ ಊರಲ್ಲಿ, ಯಾವ ಗೋಡೆಯ ಮೇಲೆ, ನೆನಪಾಗಲಿಲ್ಲ.

ತಿರುವು ಇಳಿದರೆ ಅಮೀರ್ ಸಾಬರ ದ್ರಾಕ್ಷಿ ತೋಟ. ರಸ್ತೆ ತೋಟವನ್ನು ಸೀಳಿಕೊಂಡೇ ಹೋಗುತ್ತದೆ. ಚಾಟ್ನಿ ಮಾಡಿ ಕುಡಿಗಳನ್ನೆಲ್ಲ ಕತ್ತರಿಸಿದ್ದರಿಂದ ಬಳ್ಳಿಗಳು ಬೋಳಾಗಿ ಕಲ್ಲುಕಂಬಗಳ ಮೇಲೆ ಹಗ್ಗದಂತೆ ಬಿದ್ದಿದ್ದವು. ಅಮೀರ್ ಸಾಬರು ನನ್ನ ಮೊಣಕೈ ನೋಡಿದರು.

"ಇಳೀಲಿಲ್ಲೇನ್ ಮಿಯಾ?"

"ಎಲ್ಲಿ?"

"ಆದೆಮ್ಮನ ತಿರುವಿನಾಗ. ಕಲೆಕ್ಟರ್ ಬಂದ್ರೂ ಅಲ್ಲಿ ಇಳದು ನಡೀಬೇಕ್ರಿ. ಕಲ್ಲಿನ ಕಡೆ ನೋಡಬಾರದು. ಗರಸು ಅಗಿವಾಗ ದಿಬ್ಬ ಕುಸದು ಹೋದಾಕಿ ಆಕಿ. ಆಕಿ ನಡಕೋಂತ ಬಂದಿದ್ಲು, ನಾವು ಕುಂತು ಹೋಗಬಾರದು."

ಕಲ್ಲಿನ ಮೇಲೆ ಬೇರೆ ಹೆಸರಿದೆಯಲ್ಲ ಎಂದು ಕೇಳಬೇಕೆಂದುಕೊಂಡೆ. ಕೇಳದೆ ಸೈಕಲ್ ತಳ್ಳಿಕೊಂಡು ಒಳಗೆ ಹೋದೆ.

ತೋಟದ ಗುಡಿಸಲಿನಲ್ಲಿ ಮಧ್ಯಾಹ್ನ ಹೆಂಗಸರ ತರಗತಿ. ಅಮೀರ್ ಸಾಬರ ಮಗಳು ಅಸ್ಮತ್ ಶಿಕ್ಷಕಿ. ಏಳನೇತ್ತೆ ಪಾಸಾದವಳು ಆ ಊರಿಗೆಲ್ಲ ಅವಳೊಬ್ಬಳೇ. ಹದಿನಾಲ್ಕು ಹೆಂಗಸರ ಮುಂದೆ ನಿಲ್ಲಲಾರದೆ ನಾನು ಒಂದು ಕಲ್ಲುಕಂಬದ ಹಿಂದೆ ಸರಿದೆ.

"ಹೊಸಾ ಸಾಹೇಬ್ರು ಕಂಬಕ್ಕ ಹಬ್ಬತಾರ ನೋಡವ್ವ, ಬಳ್ಳಿಯಂಗ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಅಸ್ಮತ್ ಹಾಜರಿ ಕೂಗಿದಳು. "ಬಸ್ಸಮ್ಮ, ಗಂಡ ಮಾರೆಪ್ಪ."

"ಅದೀನ್ರಿ."

ಮೂಲೆಯಲ್ಲಿ ಕುಳಿತಿದ್ದ ತೆಳ್ಳಗಿನ ಹೆಂಗಸು. ಮೂವತ್ತು ಮೂವತ್ತೆರಡು ಇರಬಹುದು. ಕಣ್ಣೆತ್ತಿ ನನ್ನ ಸೈಕಲ್ಲನ್ನೇ ನೋಡುತ್ತಿದ್ದಳು. ನನ್ನ ಮೊಣಕೈ ಉರಿ ಒಮ್ಮೆಲೇ ತಣ್ಣಗಾಯಿತು.

ಅಕ್ಟೋಬರ್ 22, ಸೋಮವಾರ

ಇವತ್ತು ಏರು ಹತ್ತುವಾಗ ಹಿಂದೆ ಯಾರೋ ಗರಸಿನ ಮೇಲೆ ನಡೆದು ಬಂದ ಸದ್ದು. ಬರಿಗಾಲಿನ ಹೆಜ್ಜೆ. ನಿಂತೆ, ನಿಂತಿತು. ತುಳಿದೆ, ಬಂತು. ಮಡ್‌ಗಾರ್ಡಿಗೆ ಹರಳು ಸಿಕ್ಕಿರಬೇಕೆಂದು ಸೈಕಲ್ ತಲೆಕೆಳಗು ಮಾಡಿ ನೋಡಿದೆ. ಏನೂ ಇರಲಿಲ್ಲ.

ತಿರುವಿನಲ್ಲಿ ಇಳಿದು ನಡೆದೆ. ಹೆದರಿಕೆಯಿಂದಲ್ಲ. ಊರಿನ ರೂಢಿ.

ನವೆಂಬರ್ 8, ಗುರುವಾರ

ಆದೆಮ್ಮ ಯಾರೆಂದು ಕೊನೆಗೂ ತಿಳಿಯಿತು. ಕೇಳಿದ್ದು ನಾನಲ್ಲ. ಕಲಿಯಲು ಬಂದವರ ಉದ್ದೇಶವೇನು ಎಂಬ ಕಾಲಂ ತುಂಬಬೇಕಿತ್ತು, ಅಸ್ಮತ್ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬಳು ಬಸ್ಸಿನ ಬೋರ್ಡು ಓದಬೇಕಂತೆ, ಇನ್ನೊಬ್ಬಳು ಗಂಡನ ಕಿಸೆಯ ಚೀಟಿ ಓದಬೇಕಂತೆ. ಬಸ್ಸಮ್ಮನ ಸರದಿ ಬಂದಾಗ ನಗು ನಿಂತಿತು.

"ತಿರುವಿನ ಕಲ್ಲಿನ ಮ್ಯಾಲ ನನ್ನ ತಂಗಿ ಹೆಸರು ಅದ. ಅದನ್ನೊಂದು ಓದೂದು ಬಂದ್ರ ಸಾಕ್ರಿ ನನಗ. ಉಳಿದದ್ದು ನೀವೇ ಇಟ್ಕೊಳ್ರಿ."

ಬಸ್ಸಮ್ಮ ಆಗ ಹನ್ನೊಂದು ದಿನದ ಬಾಣಂತಿ. ಕಾಮಗಾರಿಯಲ್ಲಿ ಹೆಸರು ಖಾಲಿ ಬಿದ್ದರೆ ಮನೆಯ ಕಾಳು ನಿಲ್ಲುತ್ತಿತ್ತು. ತಂಗಿ ಆದೆಮ್ಮ ಅಕ್ಕನ ಬದಲಿಗೆ ಗರಸು ಹೊರಲು ಹೋದಳು. ಅಕ್ಕನ ಹೆಸರು ಕೂಗಿದಾಗ 'ಅದೀನ್ರಿ' ಎಂದಳು. ಮೂರನೆಯ ದಿನ ದಿಬ್ಬ ಕುಸಿಯಿತು.

"ಬದಲಿ ಕಳಿಸಬೌದು ಅಂದಿದ್ದು ಹಾಜರಿ ಸಾಹೇಬ್ರೇ. ಅವ್ರದೇನ್ ತಪ್ಪಿಲ್ರಿ, ಕರುಣಿ ಬಂದು ಹೇಳಿದ್ರು," ಎಂದಳು ಬಸ್ಸಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಸೈಕಲ್ ಗಂಟಿ ಕೇಳಿದ್ರ ಯಾಕೋ ಆ ಹಾಜರಿ ನೆನಪಾಕ್ಕತಿ," ಎಂದಳು.

ಸೋಮವಾರ ಸೋಮವಾರ ಅವಳೊಬ್ಬಳೇ ಕುಣಿಯ ಕಡೆ ಇಳಿದು ಕಲ್ಲಿಗೆ ಎಣ್ಣೆ ಹಚ್ಚಿ ಬರುತ್ತಾಳೆ. ಬೇರೆ ಯಾರೂ ಆ ಬದಿಗೆ ಹೋಗುವುದಿಲ್ಲ. ಓದು ಬಂದ ಗಂಡಸರು ತಲೆ ಬಗ್ಗಿಸಿ ದಾಟುತ್ತಾರೆ, ಮಕ್ಕಳನ್ನು ಬಿಡುವುದಿಲ್ಲ. ಆ ಕಲ್ಲಿನ ಮೇಲೆ ಏನಿದೆಯೆಂದು ಇಡೀ ಊರಿನಲ್ಲಿ ಓದಿದವನು ನಾನೊಬ್ಬನೇ, ಅದೂ ಬಿದ್ದದ್ದರಿಂದ.

ಹಾಜರಿಯಲ್ಲಿದ್ದ ಹೆಸರೇ ಕಲ್ಲಿಗೂ ಹೋಗಿದೆ. ಆರು ವರ್ಷದಿಂದ ಬಸ್ಸಮ್ಮ ಎಣ್ಣೆ ಹಚ್ಚುತ್ತಿರುವುದು ತನ್ನ ಹೆಸರಿಗೆ.

ನವೆಂಬರ್ 12, ಸೋಮವಾರ

ಪುಸ್ತಕದ ಮೊದಲ ಪಾಠವೇ ಕಲಿಯುವವರ ಸ್ವಂತ ಹೆಸರು. ಹೆಸರು ಕೊನೆಗಿರಲಿ, ಮೊದಲು ನೀರು, ಮನೆ, ದನ ಇವನ್ನು ಕಲಿಸಿರಿ ಎಂದು ಅಸ್ಮತ್‌ಗೆ ಚೀಟಿ ಬರೆದು ಕೊಟ್ಟೆ. ಎದುರು ನಿಂತು ಹೇಳಲಾಗಲಿಲ್ಲ.

ಅವಳು ಚೀಟಿ ಹಿಡಿದು ಕಂಬದ ಹಿಂದಕ್ಕೇ ಬಂದಳು. "ಪುಸ್ತಕದಾಗ ಹಿಂಗಿಲ್ಲಲ್ರಿ ಸರ್. ತಮ್ಮ ಹೆಸರು ಬರದ್ರ ನಾಳೆ ಓಡಿ ಬರ್ತಾರ. ದನ ಅಂತ ಬರ್ಯಾಕ ಯಾರ್ ಬರ್ತಾರ?"

"ವೈಜ್ಞಾನಿಕ ಕ್ರಮ," ಎಂದೆ.

"ವೈಜ್ಞಾನಿಕ ಇದ್ರ ಕಂಬದ ಹಿಂದ ಯಾಕ ಹೇಳ್ತೀರಿ?"

ಯೋಚಿಸಿದರೆ ನನ್ನ ಕ್ರಮ ಸರಿಯಾಗಿಯೇ ಇದೆ. ಸರಳ ಅಕ್ಷರ ಮೊದಲು, ಒತ್ತಕ್ಷರ ಆಮೇಲೆ. ಬಸ್ಸಮ್ಮನ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ.

ನವೆಂಬರ್ 30, ಶುಕ್ರವಾರ. ರಾಯಚೂರು

ಮೊಹರಮ್ಮಿಗೆ ಮನೆಗೆ ಬಂದೆ. ಅಬ್ಬಾ ಬಾಗಿಲಲ್ಲಿ ಕುಳಿತಿದ್ದರು. ಕುರ್ಚಿಯ ಅಡ್ಡಪಟ್ಟಿಯ ಮೇಲೆ ಪಾದ ಎತ್ತಿಟ್ಟುಕೊಂಡೇ ಕೂರುವುದು ಅವರ ರೂಢಿ; ನೆಲ ತಣ್ಣಗೆ ಎನ್ನುತ್ತಾರೆ. ನಾನು ಚೀಲ ಇಳಿಸುವ ಮೊದಲೇ ಕೇಳಿದರು.

"ಮೋಡ್ ಪೋ ಉತರ್ಯಾ ಕ್ಯಾ ರೇ?"

ತಿರುವಿನಲ್ಲಿ ಇಳಿದೆಯಾ ಎಂದು. ಯಾವ ತಿರುವು ಎಂದು ನಾನು ಕೇಳಲಿಲ್ಲ. ಎಮ್ಮಿಗುಡ್ಡದ ಹೆಸರನ್ನು ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ದೇವದುರ್ಗ ಎಂದಷ್ಟೇ ಕಾಗದ ಬರೆದಿದ್ದೆ.

ಅಮ್ಮಿ ಚಹಾ ಮಾಡುತ್ತ ಸಕ್ಕರೆ ಡಬ್ಬಿ ತೆಗೆದುಕೊಡು ಎಂದಳು. ಡಬ್ಬಿಯ ಮೇಲೆ ಅಬ್ಬಾನ ಕೈಬರಹ: ಸಕ್ಕರಿ. ಅಬ್ಬಾ ನಿಜಾಮರ ಕಾಲದಲ್ಲಿ ಉರ್ದು ಓದಿದವರು. ಕನ್ನಡ ಕಲಿತದ್ದು ನೌಕರಿಗಾಗಿ, ಮೂವತ್ತರ ನಂತರ. ಹೀಗಾಗಿ ತಲೆಕಟ್ಟನ್ನು ಅವರು ಬಲದಿಂದ ಎಡಕ್ಕೆ ಎಳೆಯುತ್ತಾರೆ. ಅದು ತೆಳ್ಳಗಾಗುತ್ತ ಹೋಗಿ ಹಿಂದಿನ ಅಕ್ಷರದ ಮೇಲೆ ಚಪ್ಪರದ ಹಾಗೆ ನಿಲ್ಲುತ್ತದೆ. ನನಗೆ ಅಕ್ಷರ ಕಲಿಸಿದ್ದು ಅದೇ ಕೈ. ಕಾಲೇಜಿನಲ್ಲಿ ಆ ರೂಢಿ ಬಿಡಲು ನನಗೆ ಒಂದು ವರ್ಷ ಹಿಡಿಯಿತು.

ತಿರುವಿನ ಕಲ್ಲಿನ ಮೇಲಿದ್ದದ್ದೂ ಇದೇ ಚಪ್ಪರ. ಡಬ್ಬಿ ಹಿಡಿದು ನಿಂತುಬಿಟ್ಟೆ. "ಸಕ್ಕರಿ ಇಲ್ಲೇನೋ?" ಎಂದು ಅಮ್ಮಿ ಕೇಳಿದಳು.

ಕಲ್ಲುಕುಟಿಗನಿಗೆ ಓದು ಬರುವುದಿಲ್ಲ. ಕಾರಕೂನ ಬಳಪದಿಂದ ಬರೆದುಕೊಟ್ಟ ಗೆರೆಯ ಮೇಲೆಯೇ ಉಳಿ ಹೊಡೆಯುತ್ತಾನೆ.

ಡಿಸೆಂಬರ್ 1, ಶನಿವಾರ. ರಾಯಚೂರು

ಮೊಹರಮ್ಮಿನ ಅಲಾಯಿ ಕುಣಿತ ನೋಡಲು ಎಲ್ಲರೂ ಹೋಗಿದ್ದಾಗ ಆ ಕಲ್ಲಿನ ಬಗ್ಗೆ ಅಬ್ಬಾನನ್ನು ಕೇಳಿದೆ. ಅವರು ಪಾದವನ್ನೇ ನೋಡುತ್ತ ಹೇಳಿದರು. ತಂಗಿಯನ್ನು ಕಳಿಸು, ಹೆಸರು ನಿನ್ನದೇ ಇರಲಿ ಎಂದದ್ದು ಅವರೇ. ಅಂಥ ಬದಲಿಗಳು ಆ ಹಾಜರಿಯಲ್ಲಿ ಹತ್ತಾರು ಇದ್ದರು. ಹಸಿದವರ ಹೆಸರು ಹೊಡೆದುಹಾಕಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ದಿಬ್ಬ ಕುಸಿದ ಮೇಲೆ ಮೇಲಿನ ಸಾಹೇಬರು ಬಂದು, ಸತ್ತವಳ ಹೆಸರೇನು ಎಂದರು. ಪುಸ್ತಕ ಅಬ್ಬಾನ ಕೈಯಲ್ಲಿತ್ತು. ಆದೆಮ್ಮ ಎಂದರೆ ಪುಸ್ತಕ ಸುಳ್ಳಾಗುತ್ತಿತ್ತು. ಪುಸ್ತಕದಲ್ಲಿದ್ದದ್ದನ್ನು ಓದಿದರು. ಕಲ್ಲು ಬಂದಾಗಲೂ ಅದನ್ನೇ ಬರೆದರು.

"ಪುಸ್ತಕದಲ್ಲಿ ಒಮ್ಮೆ ಸತ್ತವಳು ಕಲ್ಲಿನ ಮೇಲೆ ಹೇಗೆ ಬದುಕುತ್ತಾಳೆ?" ಎಂದರು. ಮನೆಯಲ್ಲಿ ನಾವು ಮಾತಾಡುವ ದಖನಿಯಲ್ಲಿ ಆ ಮಾತು ಇನ್ನೂ ಸಣ್ಣದಾಗಿ ಕೇಳಿಸಿತು.

ಆಮೇಲೆ ಕೇಳಿದರು, "ಹಿಂದೆ ಬರುತ್ತಾಳಾ? ಗರಸಿನ ಮೇಲೆ?"

ನಾನು ಇಲ್ಲ ಎಂದೆ. ಅವರು ತಲೆಯಾಡಿಸಿ, "ಇಲ್ಲಿ ಬರುತ್ತಾಳೆ," ಎಂದು ಅಡುಗೆಮನೆಯ ಹಾಸುಗಲ್ಲಿನ ಕಡೆ ಕೈ ತೋರಿಸಿದರು.

ಡಿಸೆಂಬರ್ 17

ನೀರು, ಮನೆ, ದನ. ಹಾಜರಿ ಹದಿನಾಲ್ಕರಿಂದ ಒಂಬತ್ತಕ್ಕೆ ಇಳಿದಿದೆ. ಬಸ್ಸಮ್ಮ ತಪ್ಪಿಸುವುದಿಲ್ಲ.

ಜನವರಿ 10, 1980

ಚುನಾವಣೆಗೆ ಮುಚ್ಚಿದ್ದ ತರಗತಿ ಮತ್ತೆ ಶುರು. ಬಳ್ಳಿಗಳಲ್ಲಿ ಹಸಿರು ಗೊಂಚಲು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಅಮೀರ್ ಸಾಬರು, "ರಸ್ತಾ ಬಂತು, ಲಾರಿ ಬರ್ತದಂತ ತೋಟ ಹಾಕಿದೆ. ಈಗ ಹಣ್ಣು ಸೈಕಲ್ ಮ್ಯಾಲ ಹೋಗ್ತದ. ದ್ರಾಕ್ಷಿಗೂ ತಿರುವಿನಾಗ ಇಳದು ನಡಿಯೂ ಪಾಳಿ," ಎಂದು ನಕ್ಕರು. ನಾನೂ ನಕ್ಕೆ.

ಹಿಂದಿನ ಹೆಜ್ಜೆ ಈಗ ಹಳ್ಳದಿಂದಲೇ ಶುರುವಾಗುತ್ತದೆ.

ಜನವರಿ 28

"ಹೆಸರು ಯಾವಾಗ್ರಿ?" ಎಂದು ಬಸ್ಸಮ್ಮ ಕೇಳಿದಳು. ಮುಂದಿನ ವಾರ ಎಂದೆ.

ಫೆಬ್ರವರಿ 4

ಮುಂದಿನ ವಾರ ಎಂದೆ.

ಫೆಬ್ರವರಿ 11, ಸೋಮವಾರ. ಮಾನ್ವಿ

ತಿಂಗಳ ಸಭೆ. ನನ್ನ ಕೇಂದ್ರದಲ್ಲಿ ಇನ್ನೂ ಒಬ್ಬರೂ ಹೆಸರು ಬರೆದಿಲ್ಲವೇಕೆ ಎಂದು ಅಧಿಕಾರಿ ಕೇಳಿದರು. 

ಸಭೆ ಮುಗಿದ ಮೇಲೆ ಬಜಾರಿನಲ್ಲಿ ಒಂದು ಉಳಿ, ಒಂದು ಸುತ್ತಿಗೆ ಕೊಂಡೆ. ಶನಿವಾರ ಸೂರ್ಯಗ್ರಹಣ. ಹಗಲಲ್ಲೇ ಪೂರ್ತಿ ಕತ್ತಲಾಗುತ್ತದೆಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಒಂದು ನರಪಿಳ್ಳೆಯೂ ಹೊರಗೆ ಬರುವುದಿಲ್ಲ. ಅಕ್ಷರವೇ ಇಲ್ಲದಿದ್ದರೆ ಓದಲು ಏನಿರುತ್ತದೆ? ಮಳೆಗೆ, ಎಣ್ಣೆಗೆ ಸವೆದುಹೋಯಿತು ಅನ್ನಬಹುದು. ಇದರಿಂದ ಯಾರಿಗೂ ನೋವಿಲ್ಲ.

ಫೆಬ್ರವರಿ 16, ಶನಿವಾರ

ಮಧ್ಯಾಹ್ನ ಎರಡೂವರೆಗೆ ಹೊರಟೆ. ದೇವದುರ್ಗದ ಬಾಗಿಲುಗಳೆಲ್ಲ ಮುಚ್ಚಿದ್ದವು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಏರಿನ ಅರ್ಧಕ್ಕೆ ಬಿಸಿಲು ಹಳದಿಯಾಗಿ, ಆಮೇಲೆ ತಗಡಿನ ಬಣ್ಣಕ್ಕೆ ತಿರುಗಿತು. ಕುರುಚಲು ಗಿಡದ ಕೆಳಗಿನ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರವಾದವು. ಇವತ್ತು ಹಿಂದೆ ಹೆಜ್ಜೆಯ ಸದ್ದಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿದೆ.

ಕಲ್ಲಿನ ಹಿಂಬದಿಗೆ ಇಳಿದು, ಉಳಿಯನ್ನು 'ಬ' ಮೇಲಿಟ್ಟು ಒಂದು ಪೆಟ್ಟು ಹಾಕಿದೆ. ಚಕ್ಕೆಯೊಂದು ಹಾರಿತು. ಎರಡನೆಯ ಪೆಟ್ಟಿಗೆ ಕೈಯೆತ್ತಿದಾಗ ಕತ್ತಲಾಯಿತು. ಸಂಜೆಯ ಹಾಗೆ ಮೆಲ್ಲಗಲ್ಲ, ಮೇಲಿಂದ ಕಂಬಳಿ ಎಸೆದ ಹಾಗೆ. ನಕ್ಷತ್ರ ಕಂಡವು. ಕೆಳಗೆ ತೋಟದ ಹಕ್ಕಿಗಳು ಒಟ್ಟಿಗೆ ಸುಮ್ಮನಾದವು.

ಆಗ ಗರಸಿನ ಮೇಲೆ ಹೆಜ್ಜೆ ಬಂತು. ನಾನು ನಿಂತಿದ್ದೆ, ಅದು ನಿಲ್ಲಲಿಲ್ಲ. ಹತ್ತಿರ ಬಂತು, ಕುಣಿಯ ಅಂಚಿಗೆ ಇಳಿಯಿತು.

"ಯಾರು ಅದು? ಸಾಲಿ ಸಾಹೇಬ್ರೇನು?"

ಬಸ್ಸಮ್ಮ. ಹೂಂ ಎಂದೆ.

"ಕತ್ತಲಾಕ್ಕತಿ ಅಂದ್ರು. ಆಕಿ ಒಬ್ಬಾಕಿನ ಇರ್ತಾಳಂತ ಬಂದೆ. ಸಣ್ಣಾಕಿ ಇದ್ದಾಗಿಂದ ಕತ್ತಲಿಗೆ ಭಾಳ ಅಂಜತಾಳ್ರಿ. ಮನ್ಯಾಗಿನ ಒಳಕಲ್ಲಿನ ತನಾನೂ ನನ್ನ ಸೆರಗು ಹಿಡಕೊಂಡೇ ಬರ್ತಿದ್ಲು."

ಅವಳು ನನ್ನ ಪಕ್ಕದಲ್ಲಿ ಕುಳಿತು ಕಲ್ಲಿನ ಮೇಲೆ ಬೆರಳಾಡಿಸತೊಡಗಿದಳು. ಕಾಣುತ್ತಿರಲಿಲ್ಲ, ಸದ್ದು ಕೇಳುತ್ತಿತ್ತು.

"ನೋಡ್ರಿ, ಇಲ್ಲಿ ದುಂಡಗ ತಿರುಗ್ತದ. ಇಲ್ಲಿ ಕೆಳಗ ಒಂದು ಮರಿ ಜೋತು ಬಿದ್ದದ. ಕಡೀಗೆ ಮ್ಯಾಲೊಂದು ಚಪ್ಪರ, ಅಮೀರ್ ಸಾಬನ ತೋಟದಂಗ. ಓದಾಕ ಬರಲ್ದಿದ್ರೇನು, ಬೆರಳಿಗೆ ಆಕಿ ಹೆಸರು ಬರ್ತದ." ಬೆರಳು ನಿಂತಿತು. "ಇಲ್ಲೇನೋ ಚಕ್ಕಿ ಹಾರೇದಲ್ರಿ. ಹೊಸಾದು."

ಬೆಳಕು ಒಂದೇ ಬಾರಿಗೆ ಮರಳಿತು. ನನ್ನ ಕೈಯಲ್ಲಿ ಉಳಿ ಇತ್ತು. ಅವಳು ಉಳಿ ನೋಡಿದಳು, ನನ್ನನ್ನು ನೋಡಿದಳು.  ಕೆಳಗೆ ಕೋಳಿ ಕೂಗಿತು.

ಫೆಬ್ರವರಿ 21, ಗುರುವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾನು ಹೋದಾಗ ಹದಿನಾಲ್ಕು ಹೆಂಗಸರೂ ಬಂದಿದ್ದರು. ಎಲ್ಲರ ಕೈಯಲ್ಲೂ ಪಾಟಿ, ಬಳಪ. ಅಸ್ಮತ್ ನನ್ನ ಕಡೆ ತಿರುಗಿ, "ಇವತ್ತು ಹೆಸರು, ಸರ್. ರಿಪೋರ್ಟಿನಾಗ ನೀವು ದನ ಅಂತ ಬರಕೊಳ್ರಿ," ಎಂದಳು.

"ನನಗೊಂದು ಹೆಸರು ಮೊದಲೇ ಬರ್ತದವ್ವ," ಎಂದಳು ಬಸ್ಸಮ್ಮ. ಕಣ್ಣು ಮುಚ್ಚಿಕೊಂಡು ಪಾಟಿಯ ಮೇಲೆ ಬರೆದಳು. ಬಳಪ ಹಿಡಿದದ್ದು ಒರಟಾಗಿ, ಆದರೆ ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ತಲೆಕಟ್ಟನ್ನು ಬಲದಿಂದ ಎಡಕ್ಕೆ ಉದ್ದಕ್ಕೆ ಎಳೆದಳು. ಸಕ್ಕರೆ ಡಬ್ಬಿಯ ಮೇಲಿದ್ದ ಕೈ. ನನಗೆ ಅಕ್ಷರ ಕಲಿಸಿದ ಕೈ.

ಅಸ್ಮತ್ ಪಾಟಿ ಎತ್ತಿ ಹಿಡಿದಳು. "ಅಯ್ಯ, ಬಸ್ಸಕ್ಕ, ಯಾರ್ ಕಲಿಸಿದ್ರು ನಿನಗ? ತಪ್ಪಿಲ್ದಂಗ ನಿನ್ನ ಹೆಸರು ಬರದೀಯಲ್ಲ."

"ನಂದಲ್ಲ. ತಂಗೀದು."

"ಬಸ್ಸಮ್ಮ ಅಂತ ಅದ ಇಲ್ಲಿ."

"ಕಲ್ಲಿನ ಮ್ಯಾಲ ಇದೇ ಅದ. ಆರು ವರ್ಷ ಆತು, ನನ್ನ ಬೆರಳು ತಪ್ಪಾಂಗಿಲ್ಲ."

ಅಸ್ಮತ್‌ಗೆ ಅರ್ಥವಾಯಿತು. ಪಾಟಿ ಕೆಳಗಿಟ್ಟಳು. ಬಸ್ಸಮ್ಮ ನನ್ನ ಕಡೆ ನೋಡಿದಳು. "ನೀವು ಓದ್ರಿ ಸಾಹೇಬ್ರ."

ಕಂಬದ ಹಿಂದಿನಿಂದ ಸರಿಯಾಗಿ ಕೇಳುವುದಿಲ್ಲವೆಂದು ಈಚೆಗೆ ಬಂದು ಓದಿದೆ. "ಬಸ್ಸಮ್ಮ."

ಹೊರಗೆ ಅಮೀರ್ ಸಾಬರ ಕತ್ತರಿ ಮಾತ್ರ ಕೇಳುತ್ತಿತ್ತು. ಬಸ್ಸಮ್ಮ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದ ಮುಚ್ಚಿದಳು.

"ಹಂಗಾರ ಆಕಿ ಹೆಸರು ಎಲ್ಲೂ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಕಲ್ಲಿನ ಮ್ಯಾಲ ಬರದವ್ರು ಯಾರು?"

"ನಮ್ಮಪ್ಪ," ಎಂದೆ. "ಗುಲಾಮ್ ದಸ್ತಗೀರ್ ಅಂತ. ಹಾಜರಿ ಬರೀತಿದ್ರು. ಸೈಕಲ್ ಅವರದೇ. ಪುಸ್ತಕದಾಗ ನಿಮ್ಮ ಹೆಸರಿತ್ತು, ಅದನ್ನೇ ಬರದ್ರು. ಗೊತ್ತಿದ್ದೇ ಬರದ್ರು. ಕಲ್ಲಿನ ಮ್ಯಾಲ ನಿಮ್ಮ ಹೆಸರದ ಅಂತ ನನಗೂ ಮೊದಲ ದಿನದಿಂದ ಗೊತ್ತಿತ್ತು. ನಾನು ಅಳಿಸಾಕ ಬಂದಿದ್ದೆ."

ಬಸ್ಸಮ್ಮ ಪಾಟಿಯ ಮೇಲಿಂದ ಅಂಗೈ ತೆಗೆದಳು. ಅತ್ತಿದ್ದರೆ, ಬೈದಿದ್ದರೆ ಚೆನ್ನಾಗಿತ್ತು.

"ಅದಾರೇನು ಅವ್ರು?"

"ಅದಾರ."

"ಕೈ ಆಡ್ತಾವೇನು?"

"ಆಡ್ತಾವ."

"ಅವತ್ತು ನಿಮ್ಮ ಹಂತೇಲಿ ಉಳಿ ಇತ್ತಲ್ಲ. ಅದನ್ನ ಅವ್ರ ಕೈಗೆ ಕೊಟ್ಟು ಕರ್ಕೊಂಡು ಬರ್ರಿ."

ಫೆಬ್ರವರಿ 24, ಭಾನುವಾರ. ರಾಯಚೂರು

ಅಬ್ಬಾಗೆ ಎಲ್ಲ ಹೇಳಿದೆ. ಉಳಿ, ಸುತ್ತಿಗೆಯನ್ನು ಅವರ ಮುಂದೆ ಇಟ್ಟೆ. ಅಮ್ಮಿ ಒಳಗಿಂದ, "ಈ ವಯಸ್ಸಿನಾಗ ಅಷ್ಟು ದೂರ? ಊರವರು ಹೊಡದ್ರ?" ಎಂದಳು. ಅಬ್ಬಾ ಎರಡೂ ಕೈಗಳನ್ನು ಮೊಣಕಾಲ ಮೇಲೆ ಬಿಡಿಸಿಟ್ಟು ನೋಡಿಕೊಂಡರು. 

ಆಮೇಲೆ ಕೇಳಿದರು. "ಸೈಕಲ್ಲಿನ ಹಿಂದಿನ ಗಾಲಿ ಇಬ್ಬರನ್ನು ತಡೆಯುತ್ತದಾ?"

ಮಾರ್ಚ್ 3, ಸೋಮವಾರ. ಎಮ್ಮಿಗುಡ್ಡ

ಹಳ್ಳದವರೆಗೆ ಅಬ್ಬಾ ಕ್ಯಾರಿಯರ್ ಮೇಲೆ ಕುಳಿತು ಬಂದರು. ಹಳ್ಳ ದಾಟಿದ ಮೇಲೆ ಇಳಿದರು. ತಿರುವು ಇನ್ನೂ ದೂರ ಇದೆ ಎಂದೆ. ಕೇಳಲಿಲ್ಲ. ಚಪ್ಪಲಿ ಬಿಚ್ಚಿ ಕ್ಯಾರಿಯರ್‌ಗೆ ಸಿಕ್ಕಿಸಿ ಇಡೀ ಏರನ್ನು ಗರಸಿನ ಮೇಲೆ ಬರಿಗಾಲಲ್ಲಿ ಹತ್ತಿದರು.

ಬಸ್ಸಮ್ಮ ಕಲ್ಲಿನ ಹತ್ತಿರ ಕುಳಿತಿದ್ದಳು. ಅಬ್ಬಾ ಅವಳೆದುರು ನಿಂತು, "ತಪ್ಪಾತವ್ವ," ಎಂದರು.

"ನನಗ್ಯಾಕ ಹೇಳ್ತೀರಿ? ಆಕಿಗೆ ಹೇಳ್ರಿ."

ಅಬ್ಬಾ ಕಲ್ಲಿನ ಕಡೆ ತಿರುಗಿ ಏನೋ ಹೇಳಿದರು. ನಮಗೆ ಕೇಳಲಿಲ್ಲ. ಆಮೇಲೆ ರಸ್ತೆಯ ಕಡೆಯ ಬೋಳು ಮೈಮೇಲೆ ಬಳಪದಿಂದ ಬರೆದರು: ಆದೆಮ್ಮ. ಬಸ್ಸಮ್ಮ ಬೆರಳಾಡಿಸಿದಳು, ಬಳಪ ಅಳಿಸಿ ಬೆರಳಿಗೆ ಬಂತು. "ಇದು ನಿಲ್ಲೂದಿಲ್ಲ," ಎಂದಳು. ಕಲ್ಲುಕುಟಿಗನನ್ನು ಕರೆಸೋಣವೇ ಎಂದು ಅಮೀರ್ ಸಾಬರು ಕೇಳಿದರು. ಅವಳು ಅಬ್ಬಾನ ಕೈಯನ್ನೇ ನೋಡುತ್ತಿದ್ದಳು. ಅಬ್ಬಾ ಉಳಿ ತೆಗೆದುಕೊಂಡರು.

ಇವತ್ತು 'ಆ' ಆಯಿತು. ತೋಟದ ಗುಡಿಸಲಿನಲ್ಲಿ ಇದ್ದೇವೆ. ಅಬ್ಬಾನ ಹೆಬ್ಬೆರಳಿಗೆ ಅಸ್ಮತ್ ಅರಿಶಿನ ಕಟ್ಟಿದಳು.

ಮಾರ್ಚ್ 4, ಮಂಗಳವಾರ

'ದೆ' ಆಯಿತು. ದ್ರಾಕ್ಷಿ ಕೊಯ್ಲು ನಡೆದಿದೆ. ಬುಟ್ಟಿ ಕಟ್ಟಿದ ಸೈಕಲ್ಲುಗಳು ಸಾಲಾಗಿ ಏರು ಹತ್ತುತ್ತವೆ. ಇಳಿದು ನಡೆಯುವವರು ತಲೆ ಬಗ್ಗಿಸುತ್ತಿಲ್ಲ, ನಿಂತು ನೋಡುತ್ತಾರೆ. ಒಬ್ಬ, "ಹಿಂಗ್ ಹೊಡದ್ರ ಹಬ್ಬ ಬರ್ತದ ಮುದುಕಪ್ಪಾ, ಕೊಡಿಲ್ಲಿ," ಎಂದ. ಬಸ್ಸಮ್ಮ ಅವನನ್ನು ಸುಮ್ಮನೆ ನೋಡಿದಳು. ಅವನು ಹೋದ.

ಮಧ್ಯಾಹ್ನ ಅವಳು ಅಬ್ಬಾಗೆ ಎರಡು ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಅಬ್ಬಾ ತಿಂದರು.

ತರಗತಿಯಲ್ಲಿ ಇವತ್ತು ಹದಿಮೂರು ಜನ ಹೆಸರು ಬರೆದರು. ನಾನೂ ಇಬ್ಬರ ಕೈ ತಿದ್ದಿದೆ.

ಮಾರ್ಚ್ 5, ಬುಧವಾರ

ಸಂಜೆಯ ಹೊತ್ತಿಗೆ ಕೊನೆಯ ಅಕ್ಷರ ಮುಗಿಯಿತು. ಅಬ್ಬಾ ತಲೆಕಟ್ಟನ್ನು ಸಣ್ಣದು ಮಾಡಲು ಹೋದಾಗ ಬಸ್ಸಮ್ಮ, "ಅಲ್ಲ, ಮ್ಯಾಲ ಚಪ್ಪರ ಬೇಕು," ಎಂದಳು. ಅಬ್ಬಾ ಎಡಕ್ಕೆ ಉದ್ದಕ್ಕೆ ಎಳೆದರು.

ಅವಳು ಕಣ್ಣು ಮುಚ್ಚಿ ಮೂರು ಸಲ ಬೆರಳಾಡಿಸಿದಳು. ಆಮೇಲೆ ಕಣ್ಣು ತೆರೆದು ನಿಧಾನವಾಗಿ ಓದಿದಳು.

ನಾನು ಉಳಿ ತೆಗೆದುಕೊಂಡು ಕಲ್ಲಿನ ಹಿಂಬದಿಗೆ ಹೋದೆ. ಅಲ್ಲಿ ಅವಳ ಹೆಸರು ಇನ್ನೂ ಇತ್ತು, ನನ್ನ ಒಂದು ಪೆಟ್ಟಿನ ಗುರುತಿನೊಂದಿಗೆ. "ಇದನ್ನ ಈಗ ತೆಗೀತೀನಿ," ಎಂದೆ.

"ಬ್ಯಾಡ್ರಿ. ಇರಲಿ."

"ಬದುಕಿದ್ದವರ ಹೆಸರು..."

"ಇರಲಿ ಅಂದೆ. ಕತ್ತಲಾದ್ರ ಆಕಿಗೆ ಯಾರ್ ಅದಾರ?"

ವಾಪಸು ಬರುವಾಗ ಇಳಿಜಾರು. ಅಬ್ಬಾ ಹಿಂದೆ ಕುಳಿತಿದ್ದರು, ಪಾದಗಳನ್ನು ಕೆಳಗೆ ಬಿಟ್ಟುಕೊಂಡು. ಅರ್ಧ ದಾರಿಯಲ್ಲಿ ಗರಸಿನ ಮೇಲೆ ಹೆಜ್ಜೆಯ ಸದ್ದು ಶುರುವಾಯಿತು.

"ಸುನ್ಯಾ ಕ್ಯಾ ರೇ?" ಎಂದು ಅಬ್ಬಾ ಕೇಳಿದರು, ಕೇಳಿಸಿತಾ ಎಂದು.

"ಹೌ, ಅಬ್ಬಾ."

ಬ್ರೇಕ್ ಹಿಡಿದು ಸ್ವಲ್ಪ ನಿಧಾನ ಮಾಡಿದೆ, ಆಕೆ ಹಿಂದೆ ಉಳಿಯಬಾರದೆಂದು.